ಕಿರುಗುಟ್ಟುವ ಕಾರು

ಕಾದ ರಬ್ಬರಿಗೆ ಕೊಬ್ಬರಿ ಎಣ್ಣೆ ಸೇರಿದಾಗ ಏಳುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಮೊನ್ನೆ ತುಮಕೂರಿನ ಗ್ಯಾರೇಜೊಂದರ ಮುಂದೆ ಹಾಯುವಾಗ ಅಂಥದೇ ಏನೋ ಮೂಗಿಗೆ ಬಡಿದು ನಿಂತುಬಿಟ್ಟೆ. ಎಪ್ಪತ್ತರ ದಶಕದ ನಮ್ಮ ಗುಬ್ಬಿಯ ಮನೆ, ಅದರ ಬಾವಿಕಟ್ಟೆ, ಸೀಬೆಮರದ ಕೆಳಗೆ ನಿಲ್ಲುತ್ತಿದ್ದ ತಾತನ ಕಾಲದ ಕರಿ ಕಾರು, ಎಲ್ಲ ಒಟ್ಟಿಗೇ ಎದ್ದು ಬಂದವು. ಕಾರು ಹೆಸರಿಗೆ ಅಪ್ಪನದು, ನಿಜವಾಗಿ ಅಜ್ಜಿಯದು. ಕುಣಿಗಲ್ಲಿನಲ್ಲಿದ್ದ ನಮ್ಮತ್ತೆ, ಅಜ್ಜಿಯ ಒಬ್ಬಳೇ ಮಗಳು, ಸೊಂಟ ಮುರಿದುಕೊಂಡ ಮೇಲೆ ಮನೆ ಬಿಟ್ಟು ಹೊರಡುವಂತಿರಲಿಲ್ಲ. ಅಜ್ಜಿಗೋ ಬಸ್ಸು ಹತ್ತಿದರೆ ಸಾಕು, ಹೊಟ್ಟೆ ತೊಳೆಸಿ ಜೀವ ಬಾಯಿಗೆ ಬರುತ್ತಿತ್ತು. ತಾಯಿ ಮಗಳ ಮುಖ ನೋಡಬೇಕೆಂದರೆ ಆ ಕಾರೇ ಗತಿ.

ಅಂಥ ಕಾರು ಒಂದು ಬೇಸಿಗೆಯಲ್ಲಿ ಹಟ ಹಿಡಿಯಿತು. ಬ್ಯಾಟರಿ ಚಾರ್ಜ್ ಮಾಡಿಸಿ ತಂದರೆ ಮಾರನೆಯ ದಿನ ಮತ್ತೆ ಟಕ್ ಎಂದು ಸುಮ್ಮನಾಗುತ್ತಿತ್ತು. ಇಂಜಿನ್ ಓಡಿ ಬ್ಯಾಟರಿ ಚಾರ್ಜ್ ಆಗುವಾಗ ಆರಬೇಕಾದ ಸ್ಟೀರಿಂಗಿನ ಹಿಂದಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಕರೆಂಟು ಹುಟ್ಟಿಸುವ ಡೈನಮೋದ ಮೇಲೆ ಅನುಮಾನಪಟ್ಟು ಅಪ್ಪ ಅದರೊಳಗೆ ಉಜ್ಜಿ ಸವೆಯುವ ಕಾರ್ಬನ್ ತುಂಡುಗಳನ್ನು ನೋಡಿಸಿದರು, ಚೆನ್ನಾಗಿದ್ದವು. ವೈರು ಬದಲಿಸಿದರು. ಡೈನಮೋಗೆ ಬಲ್ಬು ಹಿಡಿದು ಪರೀಕ್ಷೆ ಮಾಡಿದರೆ ಮಿಣಮಿಣ ಬೆಳಕು. ಹುಟ್ಟಿದ ಕರೆಂಟು ಎಲ್ಲಿ ಸೋರಿಹೋಗುತ್ತಿದೆ ಎಂದು ನಾನು ಲಂಗ ಎತ್ತಿಕಟ್ಟಿ ಕಾರಿನ ಕೆಳಗೆಲ್ಲ ಬಗ್ಗಿ ಹುಡುಕುತ್ತಿದ್ದೆ. "ಸಾಕಾಗೋಯ್ತು. ಈ ವಾರ ಸರಿಹೋಗ್ಲಿಲ್ಲ ಅಂದ್ರೆ ಮಾರ್ಬುಡ್ತೀನಿ," ಎಂದರು ಅಪ್ಪ. ಆ ಹೊತ್ತು ಅಜ್ಜಿ ಊಟ ಮಾಡಲಿಲ್ಲ.

ಮರುದಿನ ಅಪ್ಪ ಇಂಜಿನ್ ಓಡಿಸಿ, ಬಾನೆಟ್ ಎತ್ತಿ, ಏನೂ ಮುಟ್ಟದೆ ನೋಡುತ್ತ ನಿಂತರು. ರಬ್ಬರ್ ಬೆಲ್ಟು ಸುತ್ತಿದ್ದ ಇಂಜಿನ್ನಿನ ಚಕ್ರ ಗಿರ್ರೆಂದು ಸುತ್ತುತ್ತಿತ್ತು. ಅದೇ ಬೆಲ್ಟಿನಿಂದ ತಿರುಗಬೇಕಾದ ಡೈನಮೋ ಮಾತ್ರ ಸೋಮಾರಿಯಾಗಿ ಹೊರಳುತ್ತಿತ್ತು. ಇಂಜಿನ್ ನಿಲ್ಲಿಸಿ ಬೆಲ್ಟು ಮುಟ್ಟಿದರೆ ಬೆರಳು ಜಾರಿತು. ಮೂಸಿ ನೋಡಿ ಅಮ್ಮನ ಮುಂದೆ ಹಿಡಿದರು.

"ಇದು ನಮ್ಮನೆ ಎಣ್ಣೆ ಕಣ್ರೀ," ಎಂದಳು ಅಮ್ಮ.

ಬಾವಿಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ತಲೆ ತಗ್ಗಿಸಿದಳು. "ಕೀಚ್ ಕೀಚ್ ಅಂತಿತ್ತು ಕಣಪ್ಪ. ಬಾವಿ ರಾಟೆ ಕಿರುಗುಟ್ಟಿದ್ರೆ ಎಣ್ಣೆ ಬುಡಲ್ವಾ? ಪಾಪ, ಅದ್ಕೂ ನೋವಾಗ್ತದೇನೋ ಅಂತ ದಿನಾ ಒಂದೀಟು ಬುಟ್ಟೆ."

ಸಡಿಲವಾಗಿದ್ದ ಬೆಲ್ಟು, ಬಿಗಿ ಮಾಡಿ ಎಂದು ಕೂಗುತ್ತಿತ್ತು. ಅಜ್ಜಿ ಎಣ್ಣೆ ಬಿಟ್ಟು ಅದರ ಬಾಯಿ ಮುಚ್ಚಿಸಿದ್ದಳು, ಜಾರುವ ಬೆಲ್ಟಿಗೆ ಡೈನಮೋ ಸರಿಯಾಗಿ ತಿರುಗುತ್ತಿರಲಿಲ್ಲ. ಮಗಳ ಮನೆಯ ದಾರಿಗೆ ತಾನೇ ಕಲ್ಲು ಹಾಕಿಕೊಂಡಿದ್ದಳು. ಅಪ್ಪ ಬೈಯುತ್ತಾರೆಂದುಕೊಂಡೆ. ಅವರು ನಕ್ಕುಬಿಟ್ಟರು. "ಎಣ್ಣೆ ಹಚ್ಚಿದೋಳು ನೀನೇ ತಲೆ ಉಜ್ಜು ಬಾರವ್ವ," ಎಂದು ಬೆಲ್ಟು ಬಿಚ್ಚಿ ಕೊಟ್ಟರು. ಅಜ್ಜಿ ಸೀಗೆಪುಡಿ ಹಾಕಿ, ನನ್ನ ತಲೆ ತೊಳೆಯುವಷ್ಟೇ ಅಕ್ಕರೆಯಿಂದ ಅದನ್ನು ತಿಕ್ಕಿದಳು. ಬಿಸಿಲಿಗೆ ಒಣಗಿಸಿ ಬಿಗಿಯಾಗಿ ಕೂರಿಸಿದ ಮೇಲೆ ಕೆಂಪು ದೀಪ ಆರಿತು. ಅಂದೇ ಕುಣಿಗಲ್ಲಿಗೆ ಹೊರಟೆವು. ದಾರಿಯುದ್ದಕ್ಕೂ ಅಜ್ಜಿ ಹಿಂದಿನ ಸೀಟಿನಿಂದ ಆ ಆರಿದ ದೀಪವನ್ನೇ ನೋಡುತ್ತ ಕೂತಿದ್ದಳು. ಕಾರು ನಿಂತಾಗ ಅತ್ತೆಯೇ ಬಾಗಿಲು ತೆಗೆದು, ಕೈ ಕೊಟ್ಟು ಅವಳನ್ನು ಇಳಿಸಿಕೊಂಡರು.

ಎಂಬತ್ತರ ದಶಕದಲ್ಲಿ ಅಜ್ಜಿ ಹೋದಳು. ಅದಾದ ಮೇಲೆ ಮೊದಲ ಸಲ ಅತ್ತೆಯನ್ನು ನೋಡಲು ಹೊರಟ ಬೆಳಿಗ್ಗೆ ಬೆಲ್ಟು ಮತ್ತೆ ಕಿರುಗುಟ್ಟಿತು. ಸ್ಪ್ಯಾನರ್ ತರಲಾ ಎಂದು ಕೇಳಿದೆ. "ಇರ್ಲಿ ಬುಡು," ಎಂದರು ಅಪ್ಪ. ಆ ಸದ್ದು ಕುಣಿಗಲ್ಲಿನವರೆಗೂ ನಮ್ಮ ಜೊತೆಗೇ ಬಂತು. ಕೇಳಿಸಿಕೊಂಡ ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಹೊರಗೆ ಬಂದರು. ನಮ್ಮನ್ನು ಮಾತಾಡಿಸುವ ಮೊದಲೇ, ಎಂದಿನಂತೆ, ಕಾರಿನ ಹಿಂದಿನ ಬಾಗಿಲು ತೆಗೆದು ಕೈ ಚಾಚಿದರು.