ಅರ್ಧ-ಅರ್ಧ ಹಸಿ ಬೀಜ

ನಮ್ಮ ಮನೆಯಲ್ಲಿ ಕಾಫಿ ಎಂದರೆ ಅರ್ಧ-ಅರ್ಧ. ಅರ್ಧ ತೊಳೆದು ಒಣಗಿಸಿದ ಪ್ಲಾಂಟೇಶನ್ ಬೀಜ, ಅರ್ಧ ಹಣ್ಣಿನ ಸಮೇತ ಒಣಗಿಸಿದ ರೋಬಸ್ಟಾ ಚೆರಿ. ವಿಜಯನಗರದ ಕಾಫಿಪುಡಿ ಅಂಗಡಿಯವರು ನಾನು ಬಾಯಿ ಬಿಡುವ ಮೊದಲೇ ಎರಡು ಡಬ್ಬಗಳಿಂದ ಹುರಿದ ಬೀಜ ತೂಗಿ ಒಂದೇ ಮಿಷನ್ನಿಗೆ ಸುರಿಯುತ್ತಿದ್ದರು. ಆದರೆ ಅಮ್ಮನಿಗೆ ಈಚೆಗೆ ಅಷ್ಟು ಹುರಿದದ್ದು ಸಾಲದು. ಎಣ್ಣೆ ಮಿನುಗುವಷ್ಟು ಕಪ್ಪಾಗಬೇಕು, ಹಾಲು ಬೆರೆಸಿದ ಮೇಲೂ ಕಹಿ ಉಳಿಯಬೇಕು.

ಹಸಿ ಬೀಜ ತಂದು ಮನೆಯಲ್ಲೇ ಹುರಿಯೋಣ ಎಂದವಳು ನಾನು. ಆರ್‌ಪಿಸಿ ಲೇಔಟಿನ ನಮ್ಮ ಇಕ್ಕಟ್ಟಾದ ಅಡುಗೆಮನೆಯಲ್ಲಿ ಅಮ್ಮ ಬಾಣಲೆಯ ಮುಂದೆ ನಿಲ್ಲುತ್ತಿದ್ದಳು. ಹೊಗೆ ನಡುಮನೆಗೆ ನುಗ್ಗದಂತೆ ಬಾಗಿಲು ಮುಚ್ಚುವುದು ನನ್ನ ಕೆಲಸ. ಬರೀ ಪ್ಲಾಂಟೇಶನ್ ತಂದು ಕೆಲವು ಸಲ ಹುರಿದೆವು. ಚೆನ್ನಾಗಿಯೇ ಬಂತು. ಆಮೇಲೆ ನನಗೆ ಹಳೆಯ ರುಚಿ ಬೇಕೆನಿಸಿತು.

"ಹಸೀದೇ ಮಿಕ್ಸ್ ಮಾಡ್ಲಾ ಮೇಡಂ?" ಅಂಗಡಿಯವರು ಚೀಲ ಬಿಚ್ಚಿ ಹಿಡಿದು ಕೇಳಿದ್ದರು.

"ಹೂಂ, ನಮ್ದು ಯಾವಾಗ್ಲೂ ಅದೇ ಅಲ್ವಾ."

ಅವರು ಹುರಿದಾದ ಮೇಲೆ ಬೆರೆಸುತ್ತಿದ್ದರು, ನಾನು ಹುರಿಯುವ ಮೊದಲೇ ಬೆರೆಸಿ ತಂದೆ. ಹಸಿರು ಮಿಶ್ರಿತ ನೀಲಿ ಪ್ಲಾಂಟೇಶನ್ ಬೀಜಗಳ ನಡುವೆ ಕಂದು ಸಿಪ್ಪೆ ಅಂಟಿದ ದುಂಡನೆಯ ಚೆರಿ. ನೋಡಲು ಚಂದವಾಗಿಯೇ ಇತ್ತು.

ಬಾಣಲೆಯಲ್ಲಿ ಬೀಜ ಎರಡನೇ ಸಲ ಚಟಚಟ ಸಿಡಿಯುವ ಹೊತ್ತಿಗೆ ಪ್ಲಾಂಟೇಶನ್ ಕಪ್ಪಾಗಿ ಎಣ್ಣೆ ಬಿಟ್ಟಿತ್ತು. ಚೆರಿ ಇನ್ನೂ ಕಂದು. ಅಮ್ಮ ಇಳಿಸಲು ಹೊರಟಳು. ಇನ್ನೊಂಚೂರು ಇರಲಿ, ಎಲ್ಲ ಒಂದೇ ಬಣ್ಣಕ್ಕೆ ಬರಲಿ ಎಂದು ನಾನೇ ತಡೆದೆ. ಕಳಚಿದ ಸಿಪ್ಪೆ ಬಾಣಲೆಯಂಚಿನಲ್ಲಿ ಒಣ ಹೊಟ್ಟಿನಂತೆ ಕೂಡಿಕೊಂಡಿತ್ತು. ಅಮ್ಮ ಸೌಟಿನಿಂದ ಕೆದಕಿದಾಗ ಅದು ಒಲೆಯ ಉರಿಗೆ ಉದುರಿತು. ಬೆಂಕಿ ಒಮ್ಮೆಲೇ ಬಾಣಲೆಗೆ ಹತ್ತಿ ಅವಳ ಸೆರಗಿನ ಎತ್ತರಕ್ಕೆ ಎದ್ದಿತು.

ಇಷ್ಟು ಸ್ಪಷ್ಟವಾಗಿ ನೆನಪಿದೆ. ಮುಂದಿನದರಲ್ಲಿ ಒಂದು ತುಣುಕು ಎಷ್ಟು ಹುಡುಕಿದರೂ ಸಿಗುವುದಿಲ್ಲ. ನಾನು ನಡುಮನೆಯಲ್ಲಿದ್ದೆ. ನನ್ನ ಕೈ ಬಾಗಿಲ ಹಿಡಿಯ ಮೇಲಿತ್ತು. ಬಾಗಿಲು ಮುಚ್ಚಿತ್ತು. ಅಮ್ಮ ಒಳಗಿದ್ದಳು.

ಹೊಗೆ ಬರದಂತೆ ಪ್ರತಿ ಸಲವೂ ಮುಚ್ಚುತ್ತಿದ್ದ ಕೈ, ಅಭ್ಯಾಸಬಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಪ್ರತಿ ಸಲವೂ ನಾನು ಬಾಗಿಲಿನ ಒಳಗಡೆ ನಿಂತು ಮುಚ್ಚುತ್ತಿದ್ದೆ.

ಒಳಗೆ ಪಾತ್ರೆಯ ಸದ್ದಾಯಿತು. ಬಾಗಿಲು ತೆರೆದದ್ದು ಅವಳೇ. ಇಡ್ಲಿ ಪಾತ್ರೆಯ ಮುಚ್ಚಳ ಬಾಣಲೆಯ ಮೇಲೆ ಬೋರಲಾಗಿತ್ತು, ಗ್ಯಾಸ್ ಆರಿತ್ತು. ಅವಳ ಮೊಣಕೈ ಕೆಂಪಾಗಿತ್ತು, ಸೆರಗಿನ ತುದಿ ಕರಕಲು. "ಏನಿಲ್ಲ ಕಣೇ, ಆರೋಯ್ತು," ಎಂದು ನನಗೇ ಸಮಾಧಾನ ಹೇಳಿದಳು.

ವಾಸನೆಗೆ ಮೇಲಿನ ಮನೆಯ ಆಂಟಿ ಇಳಿದು ಬಂದರು. ಏನ್ರೀ ಇದು, ಬೀಜ ಹುರಿದ್ರೋ ಮನೇನೇ ಹುರಿದ್ರೋ ಎಂದು ನಕ್ಕು, ಅಮ್ಮನ ಕೈ ಕಂಡ ಮೇಲೆ ಹತ್ತಿರ ಬಂದು ಏನಾಯಿತೆಂದು ಕೇಳಿದರು. ಅಮ್ಮ ಎಲ್ಲವನ್ನೂ ವಿವರಿಸಿ ಕೊನೆಗೆ, "ಇವ್ಳು ತಕ್ಷಣ ಬಾಗ್ಲು ಹಾಕಿದ್ಳು ನೋಡಿ, ನಡುಮನೆ ಫ್ಯಾನ್ ಗಾಳಿ ಒಳಗೆ ಬರ್ಲಿಲ್ಲ. ಇಲ್ದಿದ್ರೆ ಇನ್ನೂ ಹತ್ಕೊಳ್ತಿತ್ತು," ಎಂದಳು. ಓದಿದ ಹುಡುಗಿ, ಹೊಳೀತದೆ ಎಂದರು ಆಂಟಿ. ನಾನು ಬರ್ನಾಲ್ ಮುಲಾಮು ಹುಡುಕುವ ನೆಪದಲ್ಲಿ ರೂಮಿಗೆ ಹೋದೆ.

ಅಮ್ಮ ನಂಬಿ ಹೇಳಿದಳೋ, ನನ್ನನ್ನು ಉಳಿಸಲು ಹೇಳಿದಳೋ ತಿಳಿಯದೆ ದಿನಗಳು ಹೋದವು. ಕೇಳುವ ಧೈರ್ಯ ಬರಲಿಲ್ಲ.

ಕೈ ವಾಸಿಯಾದ ಮೇಲೆ ಮತ್ತೆ ಹುರಿಯೋಣ ಎಂದವಳು ಅಮ್ಮನೇ. ಈ ಸಲ ಬರೀ ಪ್ಲಾಂಟೇಶನ್ ತಂದೆ. ಮೊರದಲ್ಲಿ ಹರಡಿ ಇಬ್ಬರೂ ಆರಿಸಿದೆವು. ಒಡಕು, ಹುಳುಕು, ತೀರ ಸಣ್ಣವು ಒಂದು ಕಡೆಗೆ. ಕಪ್ಪಗೆ ಹುರಿಯಲು ಒಂದೇ ಗಾತ್ರದ ಗಟ್ಟಿ ಬೀಜಗಳಷ್ಟೇ ಉಳಿಯಲಿ ಎನ್ನುತ್ತ ನಾನು ಬೇಕೆಂದೇ ತಡಮಾಡಿದೆ. ಸಾಕು ಬಾ ಎಂದು ಅಮ್ಮ ಎದ್ದಳು.

ಬಾಣಲೆ ಇಡುವ ಮೊದಲು ಅವಳು ಮೂಲೆಯಲ್ಲಿದ್ದ ಕಲ್ಲಿನ ಕುಟ್ಟಾಣಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು, ತೆರೆದ ಬಾಗಿಲಿಗೆ ಒತ್ತಾಗಿ ಇಟ್ಟಳು.

"ಹೊಗೆ ಬಂದ್ರೆ ಬರ್ಲಿ, ಬಾಗ್ಲು ತೆಗ್ದೇ ಇರ್ಲಿ," ಎಂದಳು, ನನ್ನ ಕಡೆ ನೋಡದೆ.

ನಾನು ಮೊರ ಹಿಡಿದು ಅವಳ ಪಕ್ಕಕ್ಕೆ ಹೋಗಿ ನಿಂತೆ.