ಗಿರಿಜಕ್ಕೋರಿಗೆ ಮಾಡಿದ ಕೊನೆಯ ಫೋನ್

ಬೆಳಿಗ್ಗೆ ನಮ್ಮ ಟ್ರೈನಿಂಗ್ ಗ್ರೂಪಿನಲ್ಲಿ ಮೆಸೇಜ್ ನೋಡಿ, ಯಾರದೋ ಸುದ್ದಿಗೆ ಯಾರದೋ ಫೋಟೋ ಹಾಕಿದ್ದಾರೆ ಅಂದುಕೊಂಡೆ...
ಸಿಟ್ಟೂ ಬಂತು.
ನಿನ್ನೆ ಸಂಜೆಯಷ್ಟೇ ವಾಯ್ಸ್ ಮೆಸೇಜ್ ಹಾಕಿ, "ಸೋಮವಾರ ಕ್ಲಾಸಿಗೆ ಮಕ್ಕಳ ತೂಕದ ಮಷಿನ್ ತರೂಕೆ ಮರಿಬ್ಯಾಡಿ" ಎಂದು ನಮ್ಮನ್ನೆಲ್ಲ ಗದರಿಸಿದವರು...
ಬೆಳಗಾಗುವಷ್ಟರಲ್ಲಿ ಇಲ್ಲವಂತೆ.
ಹಾರ್ಟ್ ಅಟ್ಯಾಕ್... ಕುಮಟೆಯ ಮನೆಯಲ್ಲೇ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಗಿರಿಜಕ್ಕೋರು ನರ್ಸ್ ಆಗಿ ರಿಟೈರ್ ಆದವರು. ಆಮೇಲೂ ಸುಮ್ಮನೆ ಕೂರಲಿಲ್ಲ. ಭಟ್ಕಳ, ಹೊನ್ನಾವರ, ಕುಮಟೆಯ ನಮ್ಮಂಥ ನರ್ಸುಗಳಿಗೆ ನರ್ಸ್ ಪ್ರಾಕ್ಟೀಷನರ್ ಟ್ರೈನಿಂಗ್ ಕೊಡುತ್ತಿದ್ದರು.
ಡಾಕ್ಟರು ದೂರ ಇರುವ ಊರಲ್ಲಿ ಬಸುರಿಯರನ್ನು, ಬಾಣಂತಿಯರನ್ನು, ಮಕ್ಕಳನ್ನು ನಾವೇ ಪರೀಕ್ಷೆ ಮಾಡಬೇಕು. ಯಾರನ್ನು ಇಲ್ಲೇ ನೋಡಬಹುದು, ಯಾರನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು ಅಂತ ನಾವೇ ತೀರ್ಮಾನ ಮಾಡಬೇಕು. ಅದನ್ನು ಕಲಿಸುವ ಟ್ರೈನಿಂಗ್.
ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತೇವಲ್ಲ... ಹಾಗೆ ಅವರು ನಮ್ಮ ಅಕ್ಕೋರಾದರು.

ಮೊದಲ ದಿನ ಪಾಠವೇ ಇಲ್ಲ.
ಒಬ್ಬೊಬ್ಬರನ್ನೇ ಟೇಬಲ್ ಮೇಲೆ ಮಲಗಿಸಿ, ಉಳಿದವರಿಂದ ಹೊಟ್ಟೆ ಮುಟ್ಟಿಸಿದರು. ಮಲಗುವವರಿಗೆ ಹೇಗಾಗುತ್ತದೆ ಅಂತ ಮೊದಲು ಗೊತ್ತಾಗಲಿ ಅಂತ.
ನಾನು ಮುಟ್ಟಿದ್ದೇ ತಡ, ಮಲಗಿದ್ದವಳು ಕಿಟಾರನೆ ಕಿರುಚಿದಳು. ಅಕ್ಕೋರು ನನ್ನ ಕೈ ಹಿಡಿದು ನೋಡಿದರು.
"ಐಸಲ್ಲಿಟ್ಟ ಬಂಗ್ಡೆ ಮೀನಿನ ಹಾಂಗೆ ಅದೆ ನಿನ್ನ ಕೈ. ಉಜ್ಜಿ ಬೆಚ್ಚಗೆ ಮಾಡ್ಕಂಡು ಮುಟ್ಟು ಮಾರಾಯ್ತಿ."
ಆಮೇಲೆ ಅದನ್ನೇ ಭಟ್ಕಳದ ಹುಡುಗಿಯರಿಗೆ ಅವರ ಮನೆಮಾತು ನವಾಯತಿಯಲ್ಲಿ ಹರಕು ಮುರುಕಾಗಿ ಹೇಳಹೋಗಿ, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದು...

ಇವತ್ತು ಗೇರುಸೊಪ್ಪೆ ಹತ್ತಿರದ ನನ್ನ ಆರೋಗ್ಯ ಸಬ್‌ಸೆಂಟರಿನಲ್ಲಿ ಬಸುರಿಯರ ತಪಾಸಣೆ ಇತ್ತು.
ಬಂದವರನ್ನು ನೋಡಿ ಕಳಿಸಿ, ಕುಮಟೆಗೆ ಓಡುವುದು ಅಂತ ಇದ್ದೆ. ಮಧ್ಯಾಹ್ನ ಎತ್ತುತ್ತಾರೆ ಅಂದಿದ್ದರು.
ಒಂದು ಸಲ ಮುಖ ನೋಡಬೇಕಿತ್ತು... ಅಷ್ಟೇ...
ಕೊನೆಗೆ ಬಂದವಳು ಚೊಚ್ಚಲ ಬಸುರಿ. ಜೊತೆಗೆ ಅತ್ತೆ.
"ಹೇಗದೆ?" ಅಂದರೆ ಅತ್ತೆಯೇ ಉತ್ತರ ಕೊಟ್ಟರು. "ಆರಾಮ ಅದೆ ನರ್ಸಬಾಯಿ. ನೀವು ಮಾತ್ರೆ ಕೊಡಿ, ನಾವು ಬಸ್ಸಿಗೆ ಹೋತ್ರು."
ಕೊಟ್ಟು ಕಳಿಸಿದ್ದರೆ ನನಗೂ ಬಸ್ ಸಿಗುತ್ತಿತ್ತು.

ಬಾವು ಇದೆಯಾ ಅಂತ ಕೇಳಬೇಡಿ, ಇಲ್ಲ ಅಂತಾರೆ, ಸೀಮಂತದ ಬಳೆ ಕೈಯಲ್ಲಿ ತಿರುಗ್ತದಾ ಕೇಳಿ... ಇದು ಅಕ್ಕೋರ ಪಾಠ.
ಕೇಳಿದೆ.
ಹುಡುಗಿ ಕೈ ಚಾಚಿದಳು. ಹಸಿರು ಬಳೆಗಳು ಮಣಿಕಟ್ಟಿನಲ್ಲಿ ಕಚ್ಚಿಕೊಂಡು ನಿಂತಿದ್ದವು.
ತಲೆನೋವೂ ಇತ್ತಂತೆ. ನಿನ್ನೆಯಿಂದ ಕಣ್ಣು ಮಂಜಂತೆ.
ಬಿ.ಪಿ. ನೋಡಿದೆ... ಮತ್ತೊಮ್ಮೆ ನೋಡಿದೆ... ತೀರಾ ಏರಿತ್ತು, ಹೆದರಿಕೆಯಾಯಿತು.
ಕೈ ತಾನಾಗಿ ಫೋನಿಗೆ ಹೋಯಿತು.

ಅಕ್ಕೋರೇ...
ರಿಂಗ್ ಆಗುವಾಗ ನೆನಪಾಯಿತು, ನಾನು ಯಾರಿಗೆ ಫೋನ್ ಮಾಡುತ್ತಿದ್ದೇನೆ ಅಂತ.
ಕಟ್ ಮಾಡುವಷ್ಟರಲ್ಲಿ ನಿಮ್ಮ ಮಗಳು ವೀಣಾ ಎತ್ತಿಬಿಟ್ಟಳು. ಹಿಂದೆ ಅಳುವ ಸದ್ದು.
ಸಾವಿನ ಮನೆಗೆ ಫೋನ್ ಮಾಡಿ ಪೇಶಂಟಿನ ಬಿ.ಪಿ. ಹೇಳಿದವಳು ನಾನೊಬ್ಬಳೇ ಇರಬೇಕು.
ಅಳುವ ಸದ್ದು ದೂರವಾಯಿತು, ವೀಣಾ ಫೋನ್ ಹಿಡಿದು ಆಚೆ ಬಂದಿರಬೇಕು.
"ಅಮ್ಮ ನಿಮ್ಮ ಹತ್ರ ಎಂತ ಕೇಳ್ತಿದ್ಲು ಅಂತ ನಂಗೆ ಬಾಯಿಪಾಠ ಅದೆ ಅಕ್ಕಾ... ನಿಮಗೆ ಎಂತ ಅನ್ಸ್ತದೆ?"
"ಕರ್ಕಂಡು ಹೋಗ್ಬೇಕು. ಈಗ್ಲೇ."
"ಆತು. ಹಾಂಗಾರೆ ಹೊರಡಿ. ಇಲ್ಲಿ ನಿಮ್ಗೆ ಕಾಯೂಕೆ ಆಗುದಿಲ್ಲ... ಬೇಜಾರು ಮಾಡ್ಕಬ್ಯಾಡಿ."

ಫಿಟ್ಸ್ ಬರದ ಹಾಗೆ ನೀವು ಕಲಿಸಿದ ಇಂಜೆಕ್ಷನ್ ಕೊಟ್ಟೆ. ಆಸ್ಪತ್ರೆಗೆ ಫೋನ್ ಮಾಡಿ ವಿಷಯ ಹೇಳಿದೆ. ಆಂಬ್ಯುಲೆನ್ಸಿನಲ್ಲಿ ಅವಳ ಕೈ ಹಿಡಿದುಕೊಂಡು ಕೂತೆ. ಶರಾವತಿಯ ಪಕ್ಕದ ರಸ್ತೆ ಇಷ್ಟು ಉದ್ದ ಅಂತ ಯಾವತ್ತೂ ಅನಿಸಿರಲಿಲ್ಲ.
ಹೊನ್ನಾವರ ಮುಟ್ಟಿದ್ದೇ, ಆಪರೇಷನ್ ಮಾಡಿ ಮಗು ತೆಗೆಯಬೇಕು ಅಂತ ಅವಳನ್ನು ಒಳಗೆ ತೆಗೆದುಕೊಂಡರು.
ಅಲ್ಲಿಂದ ಕುಮಟೆ ಎಷ್ಟು ದೂರ ಹೇಳಿ... ಬಾಗಿಲಲ್ಲೇ ನಿಂತು ಯೋಚಿಸಿದೆ, ಹೋಗಿಬಿಡಲಾ ಅಂತ.
ಅತ್ತೆ ನನ್ನ ಸೆರಗು ಬಿಡಲಿಲ್ಲ.
ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಗ್ರೂಪಿನಲ್ಲಿ ಫೋಟೋ ಬಂತು. ನಮ್ಮ ಬ್ಯಾಚಿನವರೆಲ್ಲ ಯೂನಿಫಾರ್ಮಿನಲ್ಲೇ ಬಂದು ನಿಂತಿದ್ದರು. ನಿಮ್ಮ ಮುಖ ಹೂವಿನಲ್ಲಿ ಸರಿಯಾಗಿ ಕಾಣಲಿಲ್ಲ. ದೊಡ್ಡದು ಮಾಡಿ ನೋಡಿದೆ. ಆದರೂ ಕಾಣಲಿಲ್ಲ.

ಅದೇ ಹೊತ್ತಿಗೆ ಒಳಗಿಂದ ಮಗು ಅತ್ತ ಸದ್ದು...
ಹೆಣ್ಣು ಮಗು ಅಕ್ಕೋರೇ. ಸಣ್ಣದಿದೆ, ಆದರೆ ಗಟ್ಟಿಯಾಗಿ ಅಳುತ್ತದೆ. ತಾಯಿಯ ಬಿ.ಪಿ. ಇಳಿಯುತ್ತಿದೆ. ಡಾಕ್ಟರು ಧೈರ್ಯ ಹೇಳಿದ್ದಾರೆ.

ಬೆಳಗಿನಿಂದ ತಡೆದಿಟ್ಟದ್ದು ಆಗ ತಡೆಯಲಿಲ್ಲ... ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.
ಅತ್ತೆಗೆ ಗಾಬರಿ. "ಎಂತಕ್ಕೆ ಅಳ್ತ್ರಿ ನರ್ಸಬಾಯಿ? ಮಗುಗೆ ಎಂತಾರು ಆಗದ್ಯಾ?"
"ಇಲ್ಲ ಅಮ್ಮಾ... ಖುಷಿಗೆ."
ಅವರು ನಂಬಿದರು. ತಮ್ಮ ಸೆರಗಿನಿಂದಲೇ ನನ್ನ ಕಣ್ಣು ಒರೆಸಿದರು.
ಆಗಷ್ಟೇ ಮಗು ಹುಟ್ಟಿದ ಮನೆಯವರ ಎದುರು ಸಾವಿನ ಮಾತು ಎತ್ತುವುದುಂಟೇ... ನುಂಗಿಕೊಂಡೆ.
ಅಲ್ಲಿ ಹೇಳಲಾಗದ್ದನ್ನು ಇಲ್ಲಿ ನಿಮ್ಮೆಲ್ಲರಿಗೆ ಹೇಳುತ್ತಿದ್ದೇನೆ...

ನನ್ನ ಅಕ್ಕೋರು ಹೋದರು.

ಹೋಗಿ ಬನ್ನಿ ಗಿರಿಜಕ್ಕೋರೇ... ಎಲ್ಲಿದ್ದರೂ ನಿಮ್ಮ ಜೀವ ತಣ್ಣಗಿರಲಿ. 🙏