ಹೊಲ ನೋಡಲು ಬಂದ ದಲ್ಲಾಳಿ

ಆತನ ಕಾಲ್ಬೆರಳುಗಳು ಹಸಿ ಶುಂಠಿಯ ಹಾಗೆ ಅಡ್ಡಡ್ಡ ಚಾಚಿಕೊಂಡಿದ್ದವು. ಹೊಲ ನೋಡುವಾಗ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. "ಕಣ್ಣಿಗೆ ಎಲ್ಲಾ ಮಣ್ಣೂ ಒಂದೇ ಥರ ಕಾಣ್ತದೆ," ಎನ್ನುತ್ತಿದ್ದ.

ಬೆಂಗಳೂರಿನಲ್ಲಿ ಮನೆ ಕಟ್ಟಿಸಿ ಮಾರುವ ಸಾಹುಕಾರನೊಬ್ಬನಿಗೆ ನಮ್ಮ ದೊಡ್ಡಬಳ್ಳಾಪುರದ ಸುತ್ತ ಜಮೀನು ಹುಡುಕಿಕೊಡುವ ದಲ್ಲಾಳಿ ಆತ. ಒಳ್ಳೆಯವನೆಂದು ಹೇಳಲಾರೆ. ಎರಡು ಕಡೆಯಿಂದಲೂ ಕಮಿಷನ್ ತಿನ್ನುತ್ತಿದ್ದ. ಬಂದು ಕೂತ ಕೂಡಲೇ ಎಲೆಅಡಿಕೆ ಕೇಳುತ್ತಿದ್ದ.

ನಾನು ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಏನಾದರೊಂದು ತಪ್ಪು ಸಿಕ್ಕರೆ ತವರಿಗೆ ಅಟ್ಟಬೇಕೆಂದು ಮಾವ ಕಾಯುತ್ತಿದ್ದರು. ಆ ಬೇಸಿಗೆಯಲ್ಲಿ ಕೆರೆ ಪಕ್ಕದ ಹೊಲವನ್ನು ಆತನಿಗೆ ತೋರಿಸಿದರು. ಬೇಸಿಗೆಯಲ್ಲಿ ಅದು ಹೆಂಚಿನಂತೆ ಒಣಗಿರುತ್ತದೆ. ಮಳೆಗಾಲದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಆತ ಹಿತ್ತಲಿಗೆ ಬಂದು ನೀರು ಕೇಳಿದ. ಕೊಟ್ಟೆ.

"ಮಳೆಗಾಲದಲ್ಲಿ ಆ ಹೊಲಕ್ಕೆ ಹುಲ್ಲಿಗೆ ಹೋದ್ರೆ ಸೀರೆ ಎಲ್ಲಿಗಂಟ ಎತ್ತಿ ಕಟ್ತೀಯವ್ವ?"

"ಮೊಣಕಾಲ್ಗಂಟ," ಎಂದುಬಿಟ್ಟೆ.

ಹೇಳಿದ ಮೇಲೆ ನನಗೆ ಜೀವವೇ ಹಾರಿತು. ಊರೂರಲ್ಲೂ ಆತನ ಕೆಲಸ ಹೀಗೆಯೇ ಎಂದು ಆಮೇಲೆ ತಿಳಿಯಿತು. ಗಂಡಸರ ಹತ್ತಿರ ಬೆಲೆ ಕೇಳುತ್ತಿದ್ದ, ಹೆಂಗಸರ ಹತ್ತಿರ ಸೀರೆ ಎತ್ತಿ ಕಟ್ಟುವ ಲೆಕ್ಕ ಕೇಳುತ್ತಿದ್ದ. ಆತ ನನ್ನ ಮುಖ ನೋಡಿದ. ಬಚ್ಚಲ ನೀರು ಹರಿಯುವಲ್ಲಿ ಬಗ್ಗಿ ಏನನ್ನೋ ಆರಿಸಿ ಜೇಬಿಗೆ ಹಾಕಿಕೊಂಡು ಜಗುಲಿಗೆ ಹೋದ.

"ಬೇಡ ಯಜಮಾನ್ರೇ, ನೀರು ನಿಲ್ತದೆ. ಅಲ್ಲಿ ಮನೆ ಕಟ್ಟಿದ್ರೆ ಮಂಚದ ಮೇಲೇ ಒಲೆ ಹೂಡ್ಬೇಕು."

ಮಾವ ಬಾಗಿಲ ಸಂದಿಯಲ್ಲಿದ್ದ ನನ್ನ ಕಡೆ ತಿರುಗಿದರು. "ಯಾರ್ ಹೇಳಿದ್ದು? ಇವ್ಳಾ?"

"ನಿಮ್ ಸೊಸೆನಾ? ನೀರು ಕೇಳಿದ್ರೆ ಚೊಂಬು ಕುಕ್ಕಿ ಹೋದ್ಲು. ಮಾತಾಡೋ ಪೈಕಿನಾ ಅದು?" ಎಂದ ಆತ ಜೇಬಿನಿಂದ ಬಸವನಹುಳುವಿನ ಎರಡು ಚಿಪ್ಪು ತೆಗೆದು ಅವರ ಮುಂದಿಟ್ಟ. "ಇವು ಹೇಳಿದ್ವು. ನಿಮ್ ಹೊಲದ ಬದುವಲ್ಲೇ ಸಿಕ್ಕಿದ್ದು."

ಅವು ನಮ್ಮ ಬಚ್ಚಲ ಹತ್ತಿರದ ಚಿಪ್ಪು. ಮಾವ ನನ್ನನ್ನು ಬಿಟ್ಟು ಆತನನ್ನು ಬೈಯಲು ಹಿಡಿದರು. "ಎದ್ದು ಹೋಗಲೇ, ನಿನ್ನಂಥೋರು ಹತ್ತು ಜನ ಬರ್ತಾರೆ." ಆತ ಇನ್ನೊಂದು ಎಲೆಗೆ ಸುಣ್ಣ ಹಚ್ಚಿಕೊಂಡು ಎದ್ದು ಹೋದ. ನಮ್ಮ ಮನೆಗೆ ಮತ್ತೆ ಬರಲಿಲ್ಲ.

ಆತ ಸತ್ತ ಸುದ್ದಿ ಬರುವ ಹೊತ್ತಿಗೆ ನನಗೆ ಮೂರು ಮಕ್ಕಳಾಗಿದ್ದವು. ಮಾವ ಹಾಸಿಗೆ ಹಿಡಿದಿದ್ದರು. ಅವರಿಗೆ ಗಂಜಿ ಕುಡಿಸುತ್ತಿದ್ದವಳು ನಾನೇ.

"ಸುಳ್ಳು ಹೇಳ್ಕೊಂಡೇ ಬದುಕ್ದ ನನ್ಮಗ," ಎಂದರು ಮಾವ.

"ಚೆನ್ನಾಗಿ ಹೇಳ್ತಿದ್ದ," ಎಂದೆ. ಗಂಜಿ ಆರುತ್ತಿತ್ತು, ಕುಡಿಸಿದೆ.